ಹ್ಯೂಬರ್ಟ್ ಜಿಮ್ಕಾನ ಎಡಗೈ

ಕಿಟಕಿ ಪಕ್ಕದ ಒಂದು ಕುರ್ಚಿ ಉಳಿಸಿಕೊಳ್ಳಲು ಹೋಗಿ ಮರ್ಲ್ ಟಟ್ಲ್ ಇಷ್ಟೆಲ್ಲ ರಾಮಾಯಣ ಮಾಡಿಕೊಂಡ.

ಕ್ಲೀವ್‌ಲ್ಯಾಂಡಿನ ಸ್ಟೆಲ್ಲಾಳ ಹೋಟೆಲಿನಲ್ಲಿ ಶನಿವಾರ ಬೆಳಿಗ್ಗೆ ಬೇಸ್‌ಬಾಲ್ ಹುಚ್ಚರು ಸೇರುತ್ತಿದ್ದರು. ಅಲ್ಲಿ ದೊಡ್ಡ ಆಟಗಾರರ ಹೆಸರು ಎತ್ತುವಂತಿರಲಿಲ್ಲ. ಒಂದು ಬೇಸಗೆ ಆಡಿ, ಸೋತು, ಊರಿಗೆ ಹೋಗಿ ಸೋಫಾ ಮಾರಿಕೊಂಡಿದ್ದಂಥವರೇ ಬೇಕು. ಸರದಿ ಬಂದವರು ಅಂಥ ಒಬ್ಬನ ಹೆಸರು ಹೇಳಬೇಕು, ಉಳಿದವರು "ಅಯ್ಯೋ, ಅವನಾ!" ಎಂದು ಕರಗಬೇಕು. ಬರಿಗೈಲಿ ಬಂದವರಿಗೆ ಕಕ್ಕಸಿನ ಬಾಗಿಲ ಪಕ್ಕದ ಸ್ಟೂಲೇ ಗತಿ. ಬಸ್ ಓಡಿಸಿ ನಿವೃತ್ತನಾಗಿದ್ದ ಮರ್ಲ್‌ಗೆ ಮರ್ಯಾದೆ ಎಂಬುದು ಸಿಗುತ್ತಿದ್ದದ್ದು ಆ ಕಿಟಕಿ ಕುರ್ಚಿಯಲ್ಲಿ ಮಾತ್ರ.

ಅವತ್ತು, ಅವನು ವಾರವೆಲ್ಲ ತಲೆ ಕೆರೆದುಕೊಂಡು ಹುಡುಕಿದ್ದ ಹೆಸರನ್ನು ಪಕ್ಕದಲ್ಲಿ ಕೂತಿದ್ದ ಡೊಲೊರೆಸ್ ಮೊದಲೇ ಹೇಳಿಬಿಟ್ಟಳು.

"ಈಗ ನಿಂದೇ ಸರದಿ ಕಣೋ," ಅಂದ ಹಳೇ ಗೆಳೆಯ ಚೆಟ್. "ಬೇಗ ಹೇಳು, ಕಾಫಿ ಆರ್ತಿದೆ."

ಮರ್ಲ್ ದಿಕ್ಕು ತೋಚದೆ ಕಿಟಕಿಯಾಚೆ ನೋಡಿದ. ನಲ್ಲಿ ರಿಪೇರಿಯವನ ವ್ಯಾನು ಬಂದು ನಿಂತಿತ್ತು, ಮೈಮೇಲೆ ದಪ್ಪಕ್ಷರದ ಹೆಸರು.

"ಹ್ಯೂಬರ್ಟ್ ಜಿಮ್ಕಾ," ಎಂದುಬಿಟ್ಟ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಪೈಕಿಯವರು ಅಲ್ಲಿ ಯಾರೂ ಇರಲಿಲ್ಲ.

"ಜಿಮ್ಕಾ!" ಡೊಲೊರೆಸ್ ಎದೆ ಮೇಲೆ ಕೈಯಿಟ್ಟುಕೊಂಡಳು. "ಕ್ಯಾಚು ಬಿಟ್ಟೂ ಬಿಟ್ಟೂ ನಮ್ಮಪ್ಪನ ಬಿ.ಪಿ. ಏರಿಸಿದ್ದ, ಪಾಪ."

"ಅವನು ಓಡೋದು ನೋಡ್ಬೇಕಿತ್ತು," ಅಂದ ಚೆಟ್. "ಫ್ರಿಜ್ಜು ಹೊತ್ಕೊಂಡು ಓಡ್ತಿರೋನ ಹಾಗೆ!"

ಮರ್ಲ್‌ಗೂ ಹುರುಪು ಬಂತು. "ಎಡಗೈ ಆಟಗಾರ. ಆ ಮಳೆ ದಿನ ಹೊಡೆದ ನೋಡಿ, ಚೆಂಡು ಗೋಡೆ ದಾಟಿ ಐಸ್‌ಕ್ರೀಂ ಗಾಡಿಯೊಳಗೆ ಬಿತ್ತು."

"ನಾನಲ್ಲೇ ಇದ್ದೆ ಕಣೋ," ಎಂದು ಚೆಟ್ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಬಾಗಿಲು ತೆರೆದು ವ್ಯಾನಿನವನು ಒಳಗೆ ಬಂದ. ಕೈಯಲ್ಲಿ ಸ್ಪ್ಯಾನರ್ ಚೀಲ, ಅಂಗಿಯ ಜೇಬಿನ ಮೇಲೆ ಹೆಸರು.

"ಕಕ್ಕಸು ಹಿಂದುಗಡೆ ಇದೆ, ಜಿಮ್ಕಾ ಅವರೇ," ಅಂದಳು ಸ್ಟೆಲ್ಲಾ.

ಡೊಲೊರೆಸ್ ತಟ್ಟನೆ ಎದ್ದಳು. "ನೀವು... ಹ್ಯೂಬರ್ಟ್ ಜಿಮ್ಕಾನಾ?"

"ಹೌದಮ್ಮ. ನಿಮ್ಮನೇಲೂ ಏನಾದ್ರೂ ಸೋರ್ತಿದೆಯಾ?"

ಎಲ್ಲರೂ ಒಟ್ಟಿಗೆ ಹಳೆಯದನ್ನೆಲ್ಲ ನೆನಪಿಸಿದರು. ಜಿಮ್ಕಾ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಸ್ಟೆಲ್ಲಾ ಪುಕ್ಕಟೆಯಾಗಿ ಅವನ ಮುಂದೆ ಹಿಡಿದ, ಚೆರಿ ಹಣ್ಣು ತುಂಬಿದ ಸಿಹಿ ಪೈಯನ್ನು ನೋಡಿದ.

"ಹಳೇ ಕತೆ, ಬಿಡಿ," ಎಂದು ನಾಚಿಕೊಂಡ. "ಆ ವರ್ಷ ಮಂಡಿ ನೋವು ಬೇರೆ."

"ಏಳೋ ಮರ್ಲ್," ಅಂದ ಚೆಟ್. "ಅವರು ನಿಂತಿದ್ದಾರೆ, ಕಾಣ್ಸಲ್ವಾ?"

"ಅವನು ಆಟಗಾರನೇ ಅಲ್ಲ ಕಣ್ರೋ! ವ್ಯಾನ್ ನೋಡಿ ನಾನೇ ಬಾಯಿಗೆ ಬಂದಿದ್ದು ಹೇಳಿದ್ದು!"

"ಥೂ! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?" ಡೊಲೊರೆಸ್ ಕಿಡಿಕಿಡಿಯಾದಳು.

ಜಿಮ್ಕಾ ಪೈ ಅಗಿಯುತ್ತ ಕನಿಕರದಿಂದ ನೋಡಿದ. "ಇರ್ಲಿ ಬಿಡಮ್ಮ. ಯಾವ ಮೈದಾನಕ್ಕೆ ಹೋದ್ರೂ ಹೀಗೆ ಕೂಗಾಡೋನು ಒಬ್ಬ ಇರ್ತಿದ್ದ."

ಮರ್ಲ್ ಸ್ಟೂಲಿಗೆ ಹೋಗಿ ಕೂತ. ಇನ್ನು ಬಾಯಿ ಬಿಡಬಾರದೆಂದು ನಿರ್ಧರಿಸಿದ. ಅತ್ತ, ಮಳೆ ದಿನದ ಆ ಹೊಡೆತ ತೋರಿಸಿ ಎಂದು ಎಲ್ಲರೂ ಬೆನ್ನುಬಿದ್ದರು. ಜಿಮ್ಕಾ ಪೊರಕೆ ಎತ್ತಿಕೊಂಡು, ಬಲಗೈ ಆಟಗಾರರ ಹಾಗೆ ನಿಂತು ಬೀಸಿದ.

ಮರ್ಲ್‌ಗೆ ತಡೆಯಲಾಗಲಿಲ್ಲ. "ಅಲ್ಲ ಕಣಯ್ಯಾ! ಎಡಗೈ! ಜಿಮ್ಕಾ ಎಡಗೈ ಆಟಗಾರ!"

ಡೊಲೊರೆಸ್ ನಿಧಾನವಾಗಿ ತಿರುಗಿದಳು. "ನೋಡಿದ್ರಾ? ಎಲ್ಲ ಗೊತ್ತಿಟ್ಕೊಂಡೇ ಸುಳ್ಳು ಹೇಳಿದಾನೆ."

ಜಿಮ್ಕಾ ತೆಪ್ಪಗೆ ಕೈ ಬದಲಾಯಿಸಿಕೊಂಡು ಮತ್ತೆ ಬೀಸಿದ. ಈ ಸಲ ಸರಿಯಾಗಿತ್ತು. ಹಾಳಾದ್ದು, ಮರ್ಲ್‌ಗೂ ಆ ಮಳೆ, ಆ ಐಸ್‌ಕ್ರೀಂ ಗಾಡಿ ನೆನಪಾಗಿ ಕಣ್ಣು ತುಂಬಿತು. ಕಕ್ಕಸಿನ ನೀರು ಬಾಗಿಲಡಿಯಿಂದ ಹರಿದು ಬಂದು ಅವನ ಬೂಟು ನೆನೆಸುತ್ತಿತ್ತು. ರಿಪೇರಿಗೆ ಬಂದವನು ಕಿಟಕಿ ಕುರ್ಚಿಯಲ್ಲಿ ಕೂತು ಇನ್ನೊಂದು ತುಂಡು ಪೈ ಕೇಳಿದ.