ಸೀನಿಯರ್ ಹುಡುಗಿಯನ್ನು ನೋಡಲು ಹೋದದ್ದು

ಸಾಫ್ಟ್‌ವೇರ್ ಇಂಜಿನಿಯರ್ ಎಂದರೆ ಏ.ಸಿ. ಕೋಣೆಯಲ್ಲಿ ಕೂರಿಸಿದ ಟೈಪಿಸ್ಟ್ ಎಂದೇ ಎರಡು ಸಾವಿರದ ಐದನೆಯ ಇಸವಿಯವರೆಗೂ ನಾನು ತಿಳಿದಿದ್ದೆ. ಸೀನಿಯರ್ ಎಂದರೆ ಕೀಲಿಗಳನ್ನು ನೋಡದೆ ಕುಟ್ಟುವವರು. (ನಮ್ಮ ಆಫೀಸಿನ ಸೆಲೀನ್ ಮೇಡಂ ಊರ ಸುದ್ದಿಯನ್ನೆಲ್ಲ ಹೇಳುತ್ತಲೇ ಕುಟ್ಟುತ್ತಿದ್ದರು, ಅವರನ್ನು ಯಾರೂ ಇಂಜಿನಿಯರ್ ಎನ್ನಲಿಲ್ಲ.) ಕೊರಳಲ್ಲಿ ಗುರುತಿನ ಕಾರ್ಡು ನೇತುಹಾಕಿಕೊಂಡೇ ಮೀನು ಮಾರ್ಕೆಟ್ಟಿಗೂ ಬರುವ ಆ ಮಂದಿಯ ಠೀವಿ ಕಂಡರೆ ನನಗೆ ಮೈಯೆಲ್ಲ ಉರಿ.

ಅಂಥದ್ದರಲ್ಲಿ ಮಗ ಪ್ರಖ್ಯಾತನಿಗೆ ಬಂದ ಸಂಬಂಧವೂ ಅದೇ. ಕಲ್ಯಾಣಪುರದ ಭುಜಂಗಣ್ಣನ ಮಗಳು ಆಶ್ರಿತಾ, ಮಣಿಪಾಲದ ದೊಡ್ಡ ಕಂಪೆನಿಯಲ್ಲಿ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್. ಹೆಡ್ ಕ್ಲರ್ಕ್ ಆದ ನಾನು ನಾಲ್ಕು ಮೆಟ್ಟಿಲು ಕೆಳಗಿಳಿದು ಬರುವವನ ಗಾಂಭೀರ್ಯದಿಂದ ಕಾರು ಹತ್ತಿದೆ.

ಪ್ರಖ್ಯಾತನಿಗೆ ಫೋಟೋದಲ್ಲೇ ಹುಡುಗಿ ಹಿಡಿಸಿಬಿಟ್ಟಿದ್ದಳು. ಅವಳು ಮಾತ್ರ "ಮನೆಯವರನ್ನು ನೋಡಿ ಹೇಳುತ್ತೇನೆ" ಎಂದಿದ್ದಳಂತೆ.

"ಅಪ್ಪ, ದಮ್ಮಯ್ಯ, ಅಲ್ಲಿ ನೀವು ಬಾಯಿ ತೆರೆಯಬೇಡಿ."

"ಬನ್ಸ್ ತಿನ್ನಲಿಕ್ಕೆ ತೆರೆಯಲಿ ಮಾರಾಯ," ಎಂದಳು ನನ್ನ ಧರ್ಮಪತ್ನಿ ಬೇಬಿ.

ಭುಜಂಗಣ್ಣನ ಮನೆಯಲ್ಲಿ ಬನ್ಸ್ ಮುಗಿಯಿತು. ಬಾಯಿ ಖಾಲಿಯಾಯಿತು.

"ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರಮ್ಮ?"

"ಯಾರೂ ಇಲ್ಲ ಅಂಕಲ್."

"ಮತ್ತೆ ಎಂತದು ಸೀನಿಯರ್? ಪ್ಯೂನನ್ನು ಕರೆಯಲಿಕ್ಕೆ ಬೆಲ್ಲಾದರೂ ಉಂಟಾ?"

"ಅದೂ ಇಲ್ಲ. ನಾನು ಬರೆದ ಪ್ರೋಗ್ರಾಮನ್ನು ಉಳಿದವರು ಓದಿ ತಪ್ಪು ಹುಡುಕುತ್ತಾರೆ, ಅವರದ್ದನ್ನು ನಾನು. ನಿನ್ನೆ ಸೇರಿದವರೂ ನನ್ನ ತಪ್ಪು ಹೇಳಬಹುದು."

ತಪ್ಪು ಹಿಡಿಸಿಕೊಳ್ಳುವುದಕ್ಕೆ ಸಂಬಳ! ನನಗೆ ಕನಿಕರ ಉಕ್ಕಿತು. "ನನ್ನ ಇಡೀ ಸರ್ವಿಸಿನಲ್ಲಿ ನಾನು ಬರೆದ ಒಂದೇ ಒಂದು ಟಿಪ್ಪಣಿಯಲ್ಲೂ ಯಾರೂ ತಪ್ಪು ಹಿಡಿದಿಲ್ಲ," ಎಂದು ಎದೆಯುಬ್ಬಿಸಿದೆ.

"ಓದಿದರೆ ಅಲ್ವಾ ಹಿಡಿಯುವುದು," ಎಂದಳು ಬೇಬಿ.

ಭುಜಂಗಣ್ಣ ಸೂರು ನೋಡತೊಡಗಿದರು. ಪ್ರಖ್ಯಾತ ಮೇಜಿನಡಿಯಲ್ಲಿ ನನ್ನ ಕಾಲು ತುಳಿದ. ಅವನ ಮುಖ ಬಿಳಿಚಿತ್ತು. ಸಂಬಂಧ ಇಲ್ಲಿಗೆ ಮುಗಿಯಿತೆಂದೇ ಅವನು ತಿಳಿದಿದ್ದ. ಆದರೆ ಹೆಂಡತಿಯ ಮಾತಿಗೆ ಬಗ್ಗಿ ಸುಮ್ಮನಾದರೆ ಹೆಡ್ ಕ್ಲರ್ಕಿನ ಮರ್ಯಾದೆ ಏನಾಗಬೇಕು? ಗಂಟಲು ಸರಿಮಾಡಿಕೊಂಡು ನನ್ನ ಬ್ರಹ್ಮಾಸ್ತ್ರ ಬಿಟ್ಟೆ.

"ಹಾಗಾದರೆ ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯಲ್ಲೂ ತಪ್ಪು ಹುಡುಕುತ್ತೀಯಾ?"

ಆಶ್ರಿತಾ ಪ್ರಖ್ಯಾತನ ಬಿಳಿಚಿದ ಮುಖವನ್ನು ನೋಡಿ ಸಣ್ಣಗೆ ನಕ್ಕಳು. ಆಮೇಲೆ ನನ್ನತ್ತ ತಿರುಗಿದಳು.

"ಹುಡುಕುವುದು ಎಂತಕ್ಕೆ ಮಾವ? ಎದುರಿಗೇ ಕೂತಿದ್ದೀರಲ್ಲ!"