ನಲವತ್ತನಾಲ್ಕನೇ ಗೆರೆಯ ಕಲ್ಲನ್ನು ಕೀಳಹೊರಟವರಿಗೆ

ಅಳತೆ ಕಚೇರಿಯ ಮುಖ್ಯಸ್ಥರಾದ ಮಾನ್ಯ ಟಿಹೊಮಿರ್ ಚಿರ್ಕೊವಿಚ್ ಅವರೇ,

ಕಾಫಿ ಬಟ್ಟಲನ್ನು ಈ ಕಾಗದದ ಮೇಲಿಡಬೇಡಿ, ಮೇಜಿನಿಂದ ಕಾಲಿಳಿಸಿ, ನೆಟ್ಟಗೆ ಕುಳಿತು ಓದಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಮುದುಕಿ ಬರೆದದ್ದೆಂದು ನಡುವೆ ಆಕಳಿಸಿದರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ತಮಗೂ, ತಮ್ಮ ಮನೆಯವರಿಗೂ, ಆಕಾಶದಲ್ಲಿ ತಮಗಾಗಿ ದುಡಿಯುತ್ತಿರುವ ಉಪಗ್ರಹಗಳಿಗೂ ಸರ್ಬಿಯಾದ ವ್ರಾನೊವಾಕ್ ಹಳ್ಳಿಯಿಂದ ನಮಸ್ಕಾರಗಳು.

ನಮ್ಮೂರ ರಸ್ತೆ ಬದಿಯ ನಲವತ್ತನಾಲ್ಕನೇ ಅಕ್ಷಾಂಶದ ಕಲ್ಲು ತಪ್ಪು ಜಾಗದಲ್ಲಿದೆ, ಗೆರೆ ಹಾದುಹೋಗುವುದು ಹಳ್ಳದಾಚೆಯ ಪೆಟ್ರೋಲ್ ಬಂಕಿನ ಪಕ್ಕ, ಆದ್ದರಿಂದ ಕಲ್ಲನ್ನು ಕಿತ್ತು ಅಲ್ಲಿ ನೆಡುತ್ತೇವೆ ಎಂದು ತಮ್ಮ ಕಡೆಯವರು ಹೇಳಿಹೋದರು. ಕಣ್ಣಿಗೇ ಕಾಣದ ಗೆರೆಯ ಕಳ್ಳಾಟವನ್ನು ಪತ್ತೆ ಹಚ್ಚಿದ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಹಂದಿಗಳು ದಿನವೂ ಅದನ್ನು ದಾಟುತ್ತವೆ, ಒಂದಾದರೂ ಎಡವಿದ್ದಿಲ್ಲ.

ಕಲ್ಲಿನ ಚರಿತ್ರೆ ತಮಗೆ ಯಾರೂ ಹೇಳಿರಲಾರರು. ಯುದ್ಧ ಮುಗಿದ ಮೇಲೆ, ನಾನು ಚಿಕ್ಕವಳಿದ್ದಾಗ, ಎಂಜಿನಿಯರೊಬ್ಬರು ಅದನ್ನು ನಮ್ಮ ಬೇಲಿ ಪಕ್ಕ ನೆಡಿಸಿದರು. ಈ ಸೀಮೆಯಲ್ಲಿ ದಾರಿ ಬದಿ ಕಲ್ಲು ನಿಲ್ಲಿಸುವುದು ಯುದ್ಧಕ್ಕೆ ಹೋಗಿ ಹೆಣವಾಗಿಯೂ ಮರಳದವರಿಗೆ. ನಮ್ಮಪ್ಪ ಒಬ್ರೆನ್ ಹಾಗೆ ಹೋದವನು. ಕಲ್ಲು ಹಾಕಿಸುವ ಶಕ್ತಿಯಿಲ್ಲದ ನಮ್ಮವ್ವ, ಸರ್ಕಾರಕ್ಕೆ ಕೊನೆಗೂ ಅವನ ನೆನಪಾಯಿತೆಂದುಕೊಂಡು, ಸತ್ತವರಿಗೆ ಎಡೆಯಿಡುವ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯನ್ನೂ ಮೇಣದಬತ್ತಿಯನ್ನೂ ಹಿಡಿದು ಓಡಿಬಂದಳು. ಇದು ಯಾರ ಕಲ್ಲೂ ಅಲ್ಲ ತಾಯಿ, ಭೂಮಿಯ ಗೆರೆಯದ್ದು ಎಂದು ಎಂಜಿನಿಯರು ಸಮಾಧಾನವಾಗಿ ವಿವರಿಸಿದರು.

ಅವ್ವ ಅಂದಳು: "ಗೆರೆ ಎಲ್ಲಿಗೂ ಹೋಗಿಲ್ವಲ್ಲಪ್ಪ, ಇಲ್ಲೇ ಐತಲ್ಲ. ಅದಕ್ಯಾಕೆ ಕಲ್ಲು?"

ಆ ಪುಣ್ಯಾತ್ಮ ಟೋಪಿ ತೆಗೆದು, ಒಂದು ಚಮಚ ಗೋಧಿ ತಿಂದು ಹೋದ. ಅಂದಿನಿಂದ ಗೋರಿಯಿಲ್ಲದವರ ಮನೆಯ ಹೆಂಗಸರೆಲ್ಲ ಸತ್ತವರ ಶನಿವಾರದಂದು ಅಲ್ಲೇ ಬತ್ತಿ ಹಚ್ಚುತ್ತೇವೆ. ನಮ್ಮಪ್ಪ ಇಲ್ಲಿದ್ದಾನೆ ಎಂದು ನಾನು ಬೆರಳಿಟ್ಟು ತೋರಿಸಬಲ್ಲ ಜಾಗ ಭೂಮಿಯ ಮೇಲೆ ಅದೊಂದೇ. ಪೆಟ್ರೋಲ್ ಬಂಕಿನಲ್ಲಿ ಕಡ್ಡಿ ಗೀರಲೂ ಬಿಡುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದು ಸಣ್ಣ ವಿನಂತಿ. ಕಲ್ಲು ಭಾರ, ಗೆರೆ ಹಗುರ. ದಯವಿಟ್ಟು ಗೆರೆಯನ್ನೇ ಇತ್ತ ಸರಿಸಿ. ಉಳಿದ ದೇಶಗಳವರು ತಕರಾರು ತೆಗೆದರೆ ನನ್ನ ಹೆಸರು ಹೇಳಿ.

ಬೇಲಿ ಬಿಟ್ಟು ಕದಲದೆ ಕುಳಿತಿರುವ
ತಮ್ಮ ವಿಶ್ವಾಸಿ,
ಸ್ಟಾನೊಯ್ಕಾ

ತಾ.ಕ.: ತಾವು ಪಕ್ಕದ ಹಳ್ಳಿಯ ಚಿರ್ಕೊವಿಚ್‌ರ ಮೊಮ್ಮಗನಂತೆ. ತಮ್ಮ ಅಜ್ಜಿ ತನ್ನ ಅಣ್ಣನಿಗೆ ಬತ್ತಿ ಹಚ್ಚುತ್ತಿದ್ದುದು ನನ್ನ ಬತ್ತಿಯ ಪಕ್ಕದಲ್ಲೇ. ಅವನನ್ನೂ ಪೆಟ್ರೋಲ್ ಬಂಕಿಗೆ ಸಾಗಿಸುವುದಾದರೆ ಕೆಳಗೆ ಸ್ವತಃ ಸಹಿ ಹಾಕಿ, ಬರುವ ತಿಂಗಳು ಹುಟ್ಟುವ ಮೊದಲೇ ಉತ್ತರ ಕಳಿಸಿ.