ಕೊಡೆ, ಕುರ್ಚಿ ಮತ್ತು ನಮ್ಮ ಓಣಿಯ ನಳ

ನಮ್ಮ ಮಂದಿಗೆ ರಾಜಕೀಯದ ಬಗ್ಗೆ ಸಭ್ಯವಾಗಿ ಮಾತಾಡಲು ಬರುವುದಿಲ್ಲ, ಯಾರಾದರೂ ಕಲಿಸಿದರೆ ಬರುತ್ತದೆ ಎಂದು ನಾನು ನಂಬಿದ್ದೆ. ಆ ‘ಯಾರಾದರೂ’ ನಾನೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹದಿನಾರು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನಿಗೆ ಅಷ್ಟು ಧೈರ್ಯ ಸಹಜ.

ಎಪ್ಪತ್ತರ ದಶಕದ ಒಂದು ಬೇಸಿಗೆ. ವಿಜಾಪುರದಲ್ಲಿ ಮುನಸಿಪಾಲಿಟಿ ಚುನಾವಣೆ. ಅಥಣಿ ರಸ್ತೆಯಿಂದ ಒಳಗೆ ಹೊರಳುವ ನಮ್ಮ ಓಣಿಯಲ್ಲಿ ಎರಡು ಪಕ್ಷ: ಕೊಡೆಯ ಗುರುತಿನವರು, ಕುರ್ಚಿಯ ಗುರುತಿನವರು. ನಳ ಮಾತ್ರ ಒಂದೇ. ಭೂತನಾಳ ಕೆರೆಯ ನೀರು ದಿನ ಬಿಟ್ಟು ದಿನ ಒಂದು ತಾಸು ಅದರಲ್ಲಿ ಸೀನಿದ ಹಾಗೆ ಬರುತ್ತಿತ್ತು. ಈಗ ಓಣಿಗೆ ಎರಡನೆಯ ನಳ ಮಂಜೂರಾಗಿತ್ತು. ಎಲ್ಲಿ ಹಾಕಬೇಕೆಂದು ಓಣಿಯವರೆಲ್ಲ ಒಂದೇ ಬಾಯಲ್ಲಿ ಹೇಳಬೇಕು, ಮುನಸಿಪಾಲಿಟಿಯ ಓವರ್ಸಿಯರ್ ಬಂದು ಕೇಳುತ್ತಾರೆ ಎಂಬ ಸುದ್ದಿಯೂ ಬಂತು.

ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಸೀಳು ಕರಿಹಲಗೆಯೊಂದನ್ನು ಹೆಡ್‌ಮಾಸ್ತರರನ್ನು ಕೇಳಿ ಹೊತ್ತು ತಂದೆ. ಪಕ್ಕದ ಮನೆಯ ದಸ್ತಗೀರಸಾಬರ ಸೈಕಲ್ ಅಂಗಡಿಯ ಗೋಡೆಗೆ ತೂಗುಹಾಕಿದೆವು. ಅವರು ಕುರ್ಚಿಯ ಕಡೆ, ನಾನು ಒಳಗೊಳಗೇ ಕೊಡೆಯ ಕಡೆ. ಆದರೂ ಹನ್ನೆರಡು ವರ್ಷದಿಂದ ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದಿದವರು ನಾವು.

“ಮಾಸ್ತರ, ಮಂದಿ ಇದರ ಮ್ಯಾಲೆ ಬೈದಾಡಿದ್ರ?” ಎಂದು ಅವರು ಕೇಳಿದರು.

“ಬೈದಾಡಬಾರದಂತ ನಿಯಮಾನ ಬರದೇನಲ್ರಿ!” ಎಂದೆ.

ನಿಜ, ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಸಾರ್ವಜನಿಕ ವಿಚಾರ ಫಲಕ. ಪ್ರಶ್ನೆ: ಎರಡನೆಯ ನಳ ಎಲ್ಲಿ ಬರಬೇಕು? ವಿಷಯ ಬಿಟ್ಟು ಬರೆಯಬಾರದು. ವ್ಯಕ್ತಿನಿಂದೆ ಕೂಡದು.’

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕಮಲಾ ಅದನ್ನು ಓದಿ ನಕ್ಕಳು. “ಇಲ್ಲಿ ಉಗುಳಬಾರದು ಅಂತ ಬರದಲ್ಲೇ ಮಂದಿ ಹುಡುಕ್ಯಾಡಿ ಉಗುಳತಾರ್ರಿ.”

“ನಿನಗ ಪ್ರಜಾಪ್ರಭುತ್ವದ ಮ್ಯಾಲೆ ವಿಶ್ವಾಸ ಇಲ್ಲ,” ಎಂದು ಘನಗಂಭೀರವಾಗಿ ಹೇಳಿ ಕೈಯ ಸುಣ್ಣ ಝಾಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಮೊದಲ ವಿಚಾರ ಪ್ರಕಟವಾಗಿತ್ತು: ‘ಕೊಡೆಗೆ ಜಯವಾಗಲಿ!’ ನಾನು ಕೆಳಗೆ ಬರೆದೆ: ‘ಸಂತೋಷ. ಆದರೆ ನಳ ಎಲ್ಲಿ?’ ಸಂಜೆಗೆ ಉತ್ತರ ಬಂತು: ‘ಕೊಡೆ ತೂತು!’ ಅದರ ಕೆಳಗೆ, ‘ಕುರ್ಚಿಗೆ ತಿಗಣಿ!’ ನಾನು ಮತ್ತೆ ಬರೆದೆ: ‘ದಯವಿಟ್ಟು, ನಳ?’ ಯಾರಿಗೆ ಬೇಕು ನಳ! ನೀರಿಲ್ಲದೆ ನಾಲಿಗೆ ಒಣಗಿದವರ ಕೈಗೆ ಸುಣ್ಣದ ಕಡ್ಡಿ ಕೊಟ್ಟರೆ ಜೈಕಾರ ಬರೆಯುತ್ತಾರೆ! ನನಗೆ ಮೈ ಉರಿಯತೊಡಗಿತು.

ಮೂರನೆಯ ದಿನ ಗಂಗವ್ವ ಬಂದಳು. ಬಬಲೇಶ್ವರದ ಹೆಣ್ಣುಮಗಳು, ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಬೇಕಾದದ್ದು ಅವಳಿಗೆ. ಅಕ್ಷರ ಬಾರದು. ಅವಳು ಹೇಳಿದಳು, ದಸ್ತಗೀರಸಾಬರು ಬರೆದರು.

“ಮ್ಯಾಲಿನ ಕಡಿಗಿ ನೀರು ಏರೂದಿಲ್ರಿ. ಬೇವಿನ ಗಿಡದ ಹಂತ್ಯಾಕ ತಗ್ಗ ಐತಿ, ಅಲ್ಲಿ ಹಾಕ್ರಿ. ಮೊದಲ ಗಟಾರ ತೋಡ್ರಿ. ಇಲ್ಲಂದ್ರ ರಾಡಿ ಆಗಿ ಕೊಡ ಹೊತ್ತ ಹೆಣ್ಮಕ್ಕಳು ಜಾರಿ ಬೀಳತಾರ.”

ಇಡೀ ಹಲಗೆಯಲ್ಲಿ ವಿಚಾರ ಎನ್ನಬಹುದಾದದ್ದು ಇದೊಂದೇ. ನನ್ನ ಕಣ್ಣು ತುಂಬಿ ಬಂತು. ಪ್ರಜಾಪ್ರಭುತ್ವ ಬದುಕಿದೆ ಎಂದು ಕಮಲಾಳಿಗೆ ಮೂರು ಸಲ ಹೇಳಿದೆ.

ಮರುದಿನ ಯಾರೋ ಪುಣ್ಯಾತ್ಮರು ಬರೆದರು: ‘ಮಾಸ್ತರ ಕೊಡೆಯ ಚಮಚಾ.’

ನಾನು! ಚಮಚಾ! ನಿಷ್ಪಕ್ಷಪಾತದ ಪ್ರತಿಮೂರ್ತಿಯಾದ ನನಗೆ! ತಲೆಗೆ ಏರಿದ ಸಿಟ್ಟು ಕೆಳಗೆ ಇಳಿಯಲಿಲ್ಲ. ಹಲಗೆಯಲ್ಲಿ ಜಾಗವಿರಲಿಲ್ಲ, ಕೈಗೆ ಸಿಕ್ಕದ್ದನ್ನು ತೋಳಿನಿಂದ ಒರೆಸಿ ಹನ್ನೊಂದು ಸಾಲು ಬರೆದೆ. ಆರಂಭ ಹೀಗಿತ್ತು: ‘ಕುರ್ಚಿಯವರು ಕೂಡುವಾಗ ಬುದ್ಧಿಯನ್ನು ಎಲ್ಲಿ ಅದುಮಿ ಕೂಡುತ್ತಾರೆಂಬುದು ಸರ್ವವಿದಿತ.’ ಮುಂದಿನ ಹತ್ತು ಸಾಲು ಇನ್ನೂ ಕೆಳಮಟ್ಟದಲ್ಲಿದ್ದವು. ವ್ಯಾಕರಣ ಮಾತ್ರ ಶುದ್ಧ.

ದಸ್ತಗೀರಸಾಬರು ಪಂಕ್ಚರ್ ತಿದ್ದುವುದನ್ನು ಬಿಟ್ಟು ಎದ್ದು ಬಂದು ಓದಿದರು. “ಮಾಸ್ತರ, ಇದರಾಗ ನಾನೂ ಬಂದ್ನೇನ್ರಿ?”

ಇಲ್ಲ ಎನ್ನಬೇಕಿತ್ತು. ಒಂದೇ ಶಬ್ದ. “ಕುರ್ಚಿಯವರು ಅಂದಮ್ಯಾಲೆ ಎಲ್ಲಾರೂ ಬಂದ್ರು!” ಎಂದುಬಿಟ್ಟೆ.

ಅವರು ಸುಣ್ಣದ ಕಡ್ಡಿ ತೆಗೆದುಕೊಂಡು ಕೊನೆಗೆ ಒಂದು ಸಾಲು ಸೇರಿಸಿದರು: ‘ಕೊಡೆಯವರಿಗೆ ಅಕ್ಷರ ಬಂತು, ಅಕಲ್ ಬರಲಿಲ್ಲ.’ ಅಂದಿನಿಂದ ಪತ್ರಿಕೆಯ ಹಾಳೆ ನನ್ನ ಮನೆಗೆ ಬರುವುದು ನಿಂತಿತು.

ಇಂಥ ಶುಭಮುಹೂರ್ತದಲ್ಲಿ, ಮರುದಿನವೇ, ಓವರ್ಸಿಯರ್ ಬಂದರು. ಮಧ್ಯಾಹ್ನದ ಉರಿಬಿಸಿಲು, ಪಾಪ, ಕೊಡೆ ಹಿಡಿದಿದ್ದರು.

“ನೋಡ್ರಿ, ಸರ್ಕಾರಿ ಮನಿಶ್ಯಾ ಕೊಡೆ ಪ್ರಚಾರ ಮಾಡಾಕತ್ತಾನ!” ಎಂದು ಕುರ್ಚಿಯವರು ಕೂಗಿದರು. ಓವರ್ಸಿಯರ್ ಗಾಬರಿಯಿಂದ ಕೊಡೆ ಮಡಚಿದರು. ಯಾರೋ ಕನಿಕರಿಸಿ ಕುರ್ಚಿ ತಂದಿಟ್ಟರು.

“ಕೂಡಬ್ಯಾಡ್ರಿ! ಅದು ಪ್ರಚಾರ!” ಎಂದು ಒಬ್ಬ ಅರಚಿದ. ಆ ಒಬ್ಬ ನಾನೇ.

ಓವರ್ಸಿಯರ್ ತಲೆಯ ಮೇಲೆ ಕೈವಸ್ತ್ರ ಹಾಕಿಕೊಂಡು ನಿಂತೇ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. “ಇದರಾಗ ನಳದ ಸುದ್ದಿ ಎಲ್ಲೈತ್ರಿ?”

ಕಮಲಾ ಮುಂದೆ ಬಂದಳು. “ಗಂಗವ್ವ ಹೇಳಿದ್ದು ಬರದಿತ್ರಿ. ಯಾರು ಅಳಿಸ್ಯಾರೋ ಏನೋ.”

“ನಿನ್ನೆ ಮಾಸ್ತರ ತೋಳಿಲೆ ಒರಸಿದ್ರು,” ಎಂದರು ದಸ್ತಗೀರಸಾಬರು, ನೆಲ ನೋಡುತ್ತ. “ನಾ ನೋಡೇನಿ.”

ಹೌದು. ಬೈಗುಳವೆಲ್ಲ ಹಾಗೇ ಇತ್ತು. ನನ್ನ ಹನ್ನೊಂದು ಸಾಲಿಗೆ ನಾನು ಬಲಿಕೊಟ್ಟದ್ದು ಗಂಗವ್ವನ ಮಾತನ್ನು. ಅವಳು ಅಂದು ಎಮ್ಮೆಗಳಿಗೆ ನೀರು ಕುಡಿಸಲು ಭೂತನಾಳಕ್ಕೆ ಹೋಗಿದ್ದಳು. ಕಮಲಾ ಆ ಬೇವಿನ ಗಿಡದ ಮಾತು ಹೇಳಲು ಬಾಯಿ ತೆರೆದಳು. “ಗಂಗವ್ವ ಯಾವ ಪಕ್ಷದಾಕಿ?” ಎಂದು ಎರಡೂ ಕಡೆಯವರು ಒಟ್ಟಿಗೆ ಕೂಗಿದರು. ಓಣಿಯಲ್ಲಿ ಒಮ್ಮತ ಮೂಡಿದ್ದು ಅದೊಂದೇ ಸಲ! ಓವರ್ಸಿಯರ್ ‘ಒಮ್ಮತವಿಲ್ಲ’ ಎಂದು ಬರೆದುಕೊಂಡು ಹೋದರು. ನಳ ಹಿಂದಿನ ಓಣಿಗೆ ಹೋಯಿತು.

ಚುನಾವಣೆಗೆ ಎರಡು ದಿನವಿದ್ದಾಗ ಕೊಡೆಯ ಅಭ್ಯರ್ಥಿ ಕುರ್ಚಿಯ ಅಭ್ಯರ್ಥಿಗೆ ಬೆಂಬಲ ಸಾರಿದರು. ಇಬ್ಬರೂ ಒಂದೇ ಜೀಪಿನಲ್ಲಿ ನಿಂತು, ನಗುತ್ತ ಕೈಬೀಸುತ್ತ ನಮ್ಮ ಓಣಿಯಲ್ಲಿ ಹಾದುಹೋದರು. ಒಬ್ಬರ ಮುಖ ಒಬ್ಬರು ನೋಡದ ನಾನು, ದಸ್ತಗೀರಸಾಬರು ಆಚೆ ಈಚೆ ನಿಂತು ಧೂಳು ಕುಡಿದೆವು. ಆ ಜೀಪಿಗೆ ಕಲ್ಲು ಬೀರುವಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಬೀರುವುದು? ಹಲಗೆಯ ಮೇಲಿನ ಹನ್ನೊಂದು ಸಾಲು ನನ್ನವೇ ಆಗಿದ್ದವು.

“ಧೂಳು ಭಾಳ ಆತ್ರಿ ಮಾಸ್ತರ,” ಎಂದು ಅವರೇ ಮೊದಲು ಮಾತಾಡಿದರು. ನಾನು ತಲೆಯಾಡಿಸಿದೆ. ಕ್ಷಮಿಸಿ ಎಂದು ಹೇಳಲು ಹದಿನಾರು ವರ್ಷದ ಕನ್ನಡ ಒದಗಲಿಲ್ಲ.

ಹೊಸ ನಳಕ್ಕೆ ನೀರು ಬಂದ ವಾರ ಕಮಲಾ ಎರಡು ಕೊಡಗಳನ್ನು ನನ್ನ ಕೈಗಿತ್ತು ಹಿಂದಿನ ಓಣಿಗೆ ಕಳಿಸಿದಳು. ಅಲ್ಲಿ ಸರದಿಯಲ್ಲಿ ಗಂಗವ್ವ ನಿಂತಿದ್ದಳು. ಕೊಡಗಳನ್ನು ಕೆಳಗಿಟ್ಟು, “ನಿನ್ನ ಮಾತು ಅಳಿಸಿದಾಂವ ನಾನ ಬೇ ಗಂಗವ್ವ. ತಪ್ಪಾತು,” ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನನಗಂತೂ ಓದಾಕ ಬರೂದಿಲ್ರಿ ಯಪ್ಪಾ. ನಿಮಗ ಬರತೈತಿ ಅಂತ ತಿಳಕೊಂಡಿದ್ನಿ!”

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಎರಡೂ ಕೊಡ ಎತ್ತಿಕೊಂಡು ಎಲ್ಲರ ಹಿಂದೆ ಹೋಗಿ ನಿಂತೆ.